ಮೊದಲ ಪಂಕ್ತಿಯ ರಂಗಕ್ಕ

ಬೀದಿ ಬಾಗಿಲು ತೆರೆದಿಟ್ಟು, ಹೊಸ್ತಿಲ ಒಳಗೆ ಕಾಲು ಮಡಿಸಿ ಕೂತು, ಹೋಗೋರ ಬರೋರ ಮುಖ ನೋಡುತ್ತಾ ಬಿಸಿ ಮುದ್ದೆ ನುಂಗುತ್ತಿದ್ದ ಹೆಂಗಸನ್ನು ನಾನು ನೋಡಿದ್ದು ಒಬ್ಬಳನ್ನೇ. ಅವಳು ನನ್ನ ವಾರಗಿತ್ತಿ ರಂಗಕ್ಕ. ಕಲ್ಯಾಣದುರ್ಗದಿಂದ ನಮ್ಮ ಹಿಂದೂಪುರದ ಮನೆಗೆ ಹಿರೇ ಸೊಸೆಯಾಗಿ ಬಂದವಳು. ಅತ್ತ ಗಂಡಸರು ಇನ್ನೂ ಕೈ ಕೂಡ ತೊಳೆದಿರುತ್ತಿರಲಿಲ್ಲ, ಇತ್ತ ಇವಳ ಅರ್ಧ ಮುದ್ದೆ ಮುಗಿದಿರುತ್ತಿತ್ತು. ನೋಡಿದರೆ ನನಗೆ ಮೈಯೆಲ್ಲಾ ಉರಿಯುತ್ತಿತ್ತು. ಈಗಲೂ ಉರಿಯುತ್ತದೆ, ಸುಳ್ಳು ಯಾಕೆ ಹೇಳಲಿ.

ನಾನು ಆ ಮನೆಗೆ ಕಿರೇ ಸೊಸೆಯಾಗಿ ಹೋಗಿದ್ದು ಎಪ್ಪತ್ತರ ದಶಕದಲ್ಲಿ. ನೇಕಾರರ ಮನೆ. ನಡುಮನೆಯಲ್ಲೇ ಮಗ್ಗ, ನೇಯುವವರು ಕಾಲು ಇಳಿಬಿಟ್ಟುಕೊಳ್ಳೋದಕ್ಕೆ ಅದರ ಕೆಳಗೊಂದು ಗುಂಡಿ. ಆಶ್ವೀಜದ ಮಳೆ ಹಿಡಿಯಿತೆಂದರೆ ಗುಂಡಿಯಲ್ಲೂ ತೇವ, ಗೋಡೆಯಲ್ಲೂ ತೇವ. ಮಗ್ಗ ನಿಂತು ಗಂಡಸರು ಬೀಡಿ ಸೇದುತ್ತಾ ಕೂರುತ್ತಿದ್ದರು. ನಮಗೆ ಮಾತ್ರ ನೂಲು ಸುತ್ತೋದು, ಬೀಸೋದು, ತೊಳೆಯೋದು ಯಾವುದೂ ನಿಲ್ಲುತ್ತಿರಲಿಲ್ಲ. ಮೊದಲು ಗಂಡಸರು, ಆಮೇಲೆ ಮಕ್ಕಳು, ರಂಗಕ್ಕನನ್ನು ಬಿಟ್ಟು ಉಳಿದ ಹೆಂಗಸರು ಹೊತ್ತು ಇಳಿದ ಮೇಲೆ. ಅಷ್ಟರಲ್ಲಿ ಮುದ್ದೆ ತಣ್ಣಗಾಗಿ ಕಲ್ಲಾಗಿರುತ್ತಿತ್ತು, ಸಾರಿನಲ್ಲಿ ತಳದ ನೀರು. ವರ್ಷಾ ವರ್ಷಾ ಆ ತಿಂಗಳಲ್ಲಿ ಜ್ವರ ಅಂತ ಮೊದಲು ಮಲಗುತ್ತಿದ್ದವರು ನಾವೇ.

"ಜ್ವರಕ್ಕೇನು ಕಣ್ಣೈತೇನೇ ಸರೋಜ, ಹೆಂಗಸ್ರುನ್ನೇ ಹುಡುಕ್ಕೊಂಡು ಬರಾಕೆ?" ಅನ್ನೋಳು ರಂಗಕ್ಕ. "ಹೊಟ್ಟೆ ತಣ್ಣಗಿಟ್ಕೊಂಡೋರ ತಾವ್ಕೇ ಬತ್ತದೆ ಅದು. ಬಿಸೀದು ಉಣ್ಣು, ನೀರು ಕಾಯ್ಸಿ ಕುಡಿ, ಒದ್ದೆ ಸೀರೇಲಿ ಓಡಾಡ್ಬ್ಯಾಡ. ಯಾವ ಡಾಕ್ಟ್ರೂ ಬ್ಯಾಡ."

ಇವಳೊಬ್ಬಳು ಎಲ್ಲಾ ಕಂಡವಳು ಅಂದುಕೊಳ್ಳುತ್ತಿದ್ದೆ ನಾನು. ಅತ್ತೆಯ ಕಾಲು ಒತ್ತಿ, ತಲೆ ಬಾಚಿ, ಎದುರು ಮಾತಾಡದೆ, ಎಲ್ಲರಿಗಿಂತ ಕಡೆಗೆ ಉಂಡು ಒಳ್ಳೆ ಸೊಸೆ ಅನಿಸಿಕೊಳ್ಳಬೇಕು ಅಂತ ನನ್ನಾಸೆ. ಅತ್ತೆಯ ಬಾಯಿಂದ ಒಂದು ಒಳ್ಳೆ ಮಾತು ಬಂದಿದ್ದರೆ ಸಾಕಿತ್ತು. ಅದಕ್ಕೇ ನಾನು ಆ ಮನೆಯಲ್ಲಿ ಜೀವ ತೇಯುತ್ತಿದ್ದೆ.

ಆ ವರ್ಷ ಮಹಾಲಯ ಅಮಾವಾಸ್ಯೆಗೆ ಹಿರಿಯರ ಹಬ್ಬ. ಅತ್ತೆಗೆ ಜ್ವರ ಬಿಟ್ಟು ಇನ್ನೂ ನಾಲ್ಕು ದಿನ ಆಗಿರಲಿಲ್ಲ. ಆದರೂ ಬೆಳಗಿನಿಂದ ಹಸಿದ ಹೊಟ್ಟೆಯಲ್ಲಿ ವಡೆಗೆ ರುಬ್ಬುತ್ತಾ ಕೂತಿದ್ದಳು. ಹಿರಿಯರಿಗೆ ಎಡೆ ಇಟ್ಟಾಯಿತು, ಕಾಯಿ ಒಡೆದಾಯಿತು, ಗಂಡಸರು ಸಾಲಾಗಿ ಕೂತರು. ಆಗ ರಂಗಕ್ಕ ಎದುರುಗಡೆ ಇನ್ನೊಂದು ಸಾಲು ಎಲೆ ಹಾಕಿದಳು.

"ಇದ್ಯಾರಿಗಮ್ಮ?" ಅಂದರು ಮಾವ.

"ನಮ್ಗೇ ಮಾವ. ನಿಮ್ ಎಡೇಲಿ ಯಾರ್ಯಾರ್ಗೆ ಇಕ್ಕಿದ್ದೀರ?"

"ಯಾರ್ಗೆ ಅಂದ್ರೆ? ನಮ್ಮಪ್ಪುಂಗೆ, ನಮ್ಮವ್ವುಂಗೆ, ನಮ್ಮಜ್ಜೀಗೆ."

"ಸತ್ತೋಗಿರೋ ಹೆಂಗಸ್ರಿಗೆ ಗಂಡಸ್ರ ಜೊತೇಲೇ ಇಕ್ತೀರ. ಬದ್ಕಿರೋರು ಜೊತೇಲಿ ಉಣ್ಣಾಕೆ ಸಾಯೋ ತನ್ಕ ಕಾಯ್ಬೇಕಾ ಮಾವ?"

ನನ್ನ ಗಂಡ ಕಲಸಿದ ಅನ್ನವನ್ನು ಕೈಯಲ್ಲೇ ಹಿಡಿದುಕೊಂಡಿದ್ದ. ಅವಳ ಗಂಡ, ಅಂದರೆ ನಮ್ಮ ಭಾವ, ತಲೆಯನ್ನೇ ಎತ್ತಲಿಲ್ಲ. ಮಾವನ ಮುಖ ಕೆಂಪಾಯಿತು. "ಹೊಸ್ತಿಲಾಗೆ ಉಂಡ್ರೆ ಸುಮ್ಕಿದ್ದೆ, ಪಂಕ್ತೀಲಿ ಇವೆಲ್ಲಾ ನಡ್ಯಲ್ಲ ಕಣಮ್ಮ. ಮುಂದಾಗಿ ಉಣ್ಣಂಗಿದ್ರೆ ನಿಮ್ಮಪ್ಪನ ಮನೇಲಿ ಉಣ್ಣೋಗು. ಸಾಯಂಕಾಲದ ಬಸ್ಸೈತೆ ಕಲ್ಯಾಣದುರ್ಗಕ್ಕೆ," ಅಂದುಬಿಟ್ಟರು.

ಅಬ್ಬಾ, ನನಗಾದ ಖುಷಿ! ತೊಲಗಲಿ ಪೀಡೆ, ಇನ್ನು ಈ ಮನೆಗೆ ನಾನೊಬ್ಬಳೇ ಸೊಸೆ ಅಂತ ಬಸ್ಸು ಹೊರಡೋ ಹೊತ್ತನ್ನೂ ಲೆಕ್ಕ ಹಾಕಿಕೊಂಡೆ.

ಅಷ್ಟರಲ್ಲಿ ಅತ್ತೆ ರುಬ್ಬುಗುಂಡಿನ ಮುಂದಿನಿಂದ ಎದ್ದಳು. ಕೈ ತೊಳೆದು, ಗೋಡೆ ಹಿಡಿದುಕೊಂಡು ಬಂದು, ರಂಗಕ್ಕನ ಪಕ್ಕದ ಎಲೆಗೆ ಕೂತೇಬಿಟ್ಟಳು. "ಇಕ್ಕೇ ಸರೋಜ. ಬಿಸೀದು ಇಕ್ಕು. ನಂಗೆ ಚಳಿ ಆಯ್ತೈತೆ," ಅಂದಳು.

ಇಕ್ಕಿದೆ. ಇನ್ನೇನು ಮಾಡಲಿ? ಮಾವ ತಲೆ ತಗ್ಗಿಸಿ ಉಣ್ಣತೊಡಗಿದರು. ಬಿಸಿ ಅನ್ನಕ್ಕೆ ತುಪ್ಪ ಹಾಕಿಕೊಂಡು ಉಣ್ಣುತ್ತಾ ಅತ್ತೆಯ ಕಣ್ಣಲ್ಲಿ ನೀರು ಬಂತು. ಎಡಗೈಯಲ್ಲಿ ರಂಗಕ್ಕನ ಬೆನ್ನು ಸವರಿ "ನಾ ಬಂಗಾರು ತಲ್ಲಿ" ಅಂತ ತೆಲುಗಿನಲ್ಲಿ ಅಂದಳು. ಬಂಗಾರದಂಥ ನನ್ನ ತಾಯಿ! ನನ್ನನ್ನು ಕಂಚು ಅಂತಲೂ ಅಂದವಳಲ್ಲ. ಆವತ್ತು ಆ ಮನೆಯಲ್ಲಿ ಕಡೆಗೆ, ತಣ್ಣಗೆ ಉಂಡವಳು ನಾನೊಬ್ಬಳೇ.

ಮಾರನೇ ದಿನದಿಂದ ನಾನೂ ಮೊದಲೇ ಉಂಡೆ. ಬಿಸಿ ಊಟ ಯಾರಿಗೆ ಬೇಡ? ಆದರೆ ರಂಗಕ್ಕನ ಪಕ್ಕದಲ್ಲಿ ಕೂರಲಿಲ್ಲ. ಆ ವರ್ಷ ದೀಪಾವಳಿ ಕಳೆದರೂ ಮನೆಯಲ್ಲಿ ಹೆಂಗಸರು ಯಾರೂ ಜ್ವರ ಅಂತ ಮಲಗಲಿಲ್ಲ. ಆ ಹೆಸರೂ ಅವಳಿಗೇ ಹೋಯಿತು. ಬೀದಿಯ ಹೆಂಗಸರೆಲ್ಲ ಒಬ್ಬೊಬ್ಬರಾಗಿ ಅವಳು ಕಾಯಿಸಿ ಕೊಡುವ ಕಷಾಯ ಕುಡಿಯಲು ಬರತೊಡಗಿದರು. ಕಷಾಯದ ನೆಪದಲ್ಲಿ ಬಂದವರು ಗಂಡನ ವಿಷಯ, ಹೊಡೆತದ ವಿಷಯ ಎಲ್ಲಾ ಹೇಳಿಕೊಂಡು ಹೋಗೋರು. ನನ್ನ ಹತ್ತಿರ ಯಾರೂ ಒಂದು ಮಾತು ಹೇಳಿಕೊಂಡವರಲ್ಲ.

ನಾನೇನು ಕಮ್ಮಿಯಾ ಅಂತ ಒಂದು ದಿನ ನಾನೂ ಕಷಾಯ ಇಟ್ಟೆ. ಅವಳು ಶುಂಠಿ, ಮೆಣಸು, ತುಳಸಿ ಹಾಕಿದರೆ ನಾನು ಅದರ ಮೇಲೆ ಓಮ, ಲವಂಗ, ಬೆಳ್ಳುಳ್ಳಿ, ಸಾಲದು ಅಂತ ಬೇವಿನ ಚಕ್ಕೆ. ಅತ್ತೆ ಒಂದು ಗುಟುಕು ಕುಡಿದು ಅಂಗಳಕ್ಕೆ ಉಗಿದಳು. "ಇದೇನೇ ಇದು, ಎಮ್ಮೆಗೆ ಕುಡ್ಸಾಕೆ ಕಾಯ್ಸಿದ್ದೀಯ?" ಬಂದಿದ್ದ ಹೆಂಗಸರೆಲ್ಲಾ ಬಿದ್ದು ಬಿದ್ದು ನಕ್ಕರು. ರಂಗಕ್ಕ ಮಾತ್ರ ಒಂದು ಲೋಟ ಪೂರ್ತಿ ಕುಡಿದು, ಮುಖ ಹುಳ್ಳಗೆ ಮಾಡದೆ, "ಚೆನ್ನಾಗೈತೆ ಕಣೇ, ನಂಗೆ ಗಂಟ್ಲು ಬಿಡ್ತು," ಅಂದಳು. ಅವಳೂ ನಕ್ಕಿದ್ದರೆ ಎಷ್ಟೋ ವಾಸಿಯಾಗಿತ್ತು. ಒಳ್ಳೆಯತನದಲ್ಲೂ ನನಗಿಂತ ಮುಂದೆ ಹೋಗಬೇಕಾ ಆ ಮಹಾತಾಯಿ?

ಅತ್ತೆ ತೀರಿಕೊಂಡ ಮೇಲೆ ಭಾವ, ರಂಗಕ್ಕ ಕಲ್ಯಾಣದುರ್ಗಕ್ಕೆ ಹೋದರು. ಅವಳಪ್ಪನಿಗೆ ಗಂಡುಮಕ್ಕಳಿರಲಿಲ್ಲ, ಮಗ್ಗ ನೋಡಿಕೊಳ್ಳೋರು ಬೇಕಿತ್ತು. ಸದ್ಯ ಅಂತ ನಾನು ಉಸಿರುಬಿಟ್ಟೆ. ಆದರೆ ಅಲ್ಲಿಂದ ಬಂದವರ ಬಾಯಲ್ಲೆಲ್ಲಾ ಅವಳದೇ ಸುದ್ದಿ. ಹೆಂಗಸರ ಸಂಘ ಕಟ್ಟಿದಳಂತೆ. ಮಳೆ ನಿಂತು ಕೆಮ್ಮು ನೆಗಡಿ ಶುರುವಾಗೋ ಕಾಲಕ್ಕೆ ಪಾಚಿ ಕಟ್ಟಿದ ನೀರಿನ ಟ್ಯಾಂಕು ತೊಳೆಸಬೇಕು ಅಂತ, ಬಿಂದಿಗೆ ಹಿಡಿದ ಹೆಂಗಸರನ್ನೆಲ್ಲಾ ಪಂಚಾಯ್ತಿ ಆಫೀಸಿನೊಳಗೇ ನುಗ್ಗಿಸಿದಳಂತೆ. "ನಿಮ್ ರಂಗಕ್ಕನ್ನ ಕಂಡ್ರೆ ಆಫೀಸರೇ ಎದ್ದು ನಿಂತ್ಕತಾರೆ," ಅಂತ ಒಬ್ಬಳು ಹೇಳಿದಳು. ನನ್ನ ಕಂಡರೆ ನಮ್ಮ ಬೀದಿ ನಾಯಿ ಕೂಡ ಏಳಲ್ಲ.

ತೊಂಬತ್ತರ ದಶಕದ ಒಂದು ಕಾರ್ತೀಕದಲ್ಲಿ ಸುದ್ದಿ ಬಂತು. ಎದೆನೋವು ಅಂತ ಕೂತವಳು ಏಳಲೇ ಇಲ್ಲವಂತೆ. ಪೆನುಕೊಂಡದಲ್ಲಿ ಬಸ್ಸು ಬದಲಾಯಿಸಿ ನಾವು ಹೋಗಿ ಮುಟ್ಟುವಷ್ಟರಲ್ಲಿ ಎಲ್ಲಾ ಅಣಿ ಮಾಡಿಟ್ಟಿದ್ದರು. ಆ ಬೀದಿಯ ಹೆಂಗಸರೇ ನೀರು ಹಾಕಿ, ಅರಿಶಿನ ಹಚ್ಚಿ, ಹಸಿರು ಸೀರೆ ಉಡಿಸಿ, ಮುಡಿ ತುಂಬಾ ಹೂ ಮುಡಿಸಿ, ಹಣೆಗೆ ಅಗಲವಾಗಿ ಕುಂಕುಮ ಇಟ್ಟಿದ್ದರು. ತಲೆಯ ಹತ್ತಿರ ಒತ್ತೊತ್ತಾಗಿ ಕೂತು "ಮಾ ರಂಗಕ್ಕಾ, ಮಾ ಅಕ್ಕಾ", ನಮ್ಮ ಅಕ್ಕಾ, ಅಂತ ಗೋಳಾಡುತ್ತಿದ್ದರು. ನನಗೆ ನಿಲ್ಲಲೂ ಜಾಗ ಇರಲಿಲ್ಲ. ಒಬ್ಬಳು ತಿರುಗಿ ನೋಡಿ, "ನೀವೆವ್ವುರಮ್ಮಾ?" ಅಂತ ಕೇಳಿದಳು.

ಯಾರು ಅಂತ ಕೇಳುತ್ತಾಳೆ, ನನ್ನನ್ನು! ಅವರನ್ನೆಲ್ಲಾ ತಳ್ಳಿಕೊಂಡು ನುಗ್ಗಿದೆ. ರಂಗಕ್ಕನ ತಲೆಯ ಹತ್ತಿರ ಕೂತು, ಅವರಿಟ್ಟಿದ್ದ ಕುಂಕುಮವನ್ನು ಸೆರಗಿನಲ್ಲಿ ಒರೆಸಿಹಾಕಿದೆ. "ಅಯ್ಯಯ್ಯೋ, ಮುತ್ತೈದೆ ಹಣೆ ಒರೆಸ್ತಾರೇನಮ್ಮಾ!" ಅಂತ ಎಲ್ಲರೂ ಕೂಗಿಕೊಂಡರು. ನನ್ನ ಗಂಡ ಬಂದು ಕೈ ಹಿಡಿದ. ಕೊಡವಿದೆ. ಬಟ್ಟಲಿನಿಂದ ಕುಂಕುಮ ತೆಗೆದು, ಆ ತಣ್ಣಗಿನ ಹಣೆಗೆ ನನ್ನ ಕೈಯಾರೆ ಇಟ್ಟೆ.

"ಸರೀರಮ್ಮಾ ಅತ್ಲಾಗೆ," ಅಂದೆ. "ನಿಮ್ಮಕ್ಕ ಅಲ್ಲ ಇವ್ಳು. ನಮ್ಮಕ್ಕ."