ದಿವ್ಯಳ ಹಕಾರ

ಪುಟ್ಟೇನಹಳ್ಳಿಯ ಕೆಂಪರಾಜು ಬಿಲ್ಡಿಂಗಿನ ಬಾಡಿಗೆದಾರರೆಲ್ಲ ಓನರ್ ಮಗಳು ದಿವ್ಯಳಿಗೆ ಸ್ವಲ್ಪ ಹೆದರುತ್ತಿದ್ದರು. ಸಂಪಿನ ಮೋಟರಿನ ಸ್ವಿಚ್ಚು, ಟೆರೇಸಿನ ಬೀಗದ ಕೈ, ನೀರಿನ ಟ್ಯಾಂಕರಿನವನ ನಂಬರು ಎಲ್ಲವೂ ಅವಳ ಹತ್ತಿರ ಇದ್ದವು. ‘ಯಾರ್ರೀ ಅದು ಕಸಾನ ಇಲ್ಲಿ ಆಕಿರೋದು?’ ಎಂದು ಅವಳು ಗೇಟಿನ ಬಳಿ ನಿಂತು ಕೇಳಿದರೆ ಮೇಲಿನ ಮಹಡಿಯ ಇಂಜಿನಿಯರುಗಳು ತೆಪ್ಪಗೆ ಬಂದು ಕಸ ಎತ್ತಿಕೊಂಡು ಹೋಗುತ್ತಿದ್ದರು. ಒಳಗೆ ಹೋದ ಮೇಲೆ ‘ಆಕಿರೋದು’ ಎಂದು ಅಣಕಿಸಿ ನಗುತ್ತಿದ್ದರು. ನಾನು ಕೆಳಗಿನ ಮನೆಯಲ್ಲಿ ಬಾಡಿಗೆಗಿದ್ದವಳು, ಎರಡೂ ನನ್ನ ಕಿವಿಗೆ ಬೀಳುತ್ತಿದ್ದವು.

ದಿವ್ಯಳಿಗೆ ಹಕಾರ ಬರುವುದಿಲ್ಲ ಎಂದು ಎಲ್ಲರೂ ಹೇಳುತ್ತಿದ್ದರು. ಅದು ಅವಳ ಮನೆಯಲ್ಲಿ ಯಾವತ್ತೂ ಇರಲೇ ಇಲ್ಲ ಎನ್ನುವುದು ಸರಿಯಾದ ಮಾತು. ಅವಳ ಅಜ್ಜ ಕೆರೆಯ ಪಕ್ಕ ರಾಗಿ ಬೆಳೆಯುತ್ತಿದ್ದಾಗಲೂ ಅವರಿಗೆ ಹೊಲ ಎಂದರೆ ಒಲ, ಹಾಲು ಎಂದರೆ ಆಲು. ಹೊಲ ಹೋಗಿ ಸೈಟಾಯಿತು, ಸೈಟಿನ ಮೇಲೆ ಮೂರು ಮಹಡಿ ಎದ್ದಿತು, ಬಾಗಿಲಿಗೆ ಕಾರು ಬಂತು. ಹಕಾರ ಮಾತ್ರ ಬರಲಿಲ್ಲ. ಮಗಳಾದರೂ ಕಲಿಯಲಿ ಎಂದು ಕೆಂಪರಾಜು ಅವಳನ್ನು ಜಯನಗರದ ಸ್ಕೂಲಿಗೆ ಸೇರಿಸಿದರು. ಅಲ್ಲಿ ಮೇಷ್ಟರೊಬ್ಬರು ತಮಗೆ ಬೇಜಾರಾದಾಗಲೆಲ್ಲ ಅವಳನ್ನು ಬೆಂಚಿನ ಮೇಲೆ ನಿಲ್ಲಿಸಿ ‘ಹಳ್ಳದಲ್ಲಿ ಹಾವು ಹರಿಯಿತು’ ಎಂದು ಹೇಳಿಸಿ, ಇಡೀ ಕ್ಲಾಸಿನ ಜೊತೆ ತಾವೂ ನಗುತ್ತಿದ್ದರಂತೆ. ಇದನ್ನು ನನಗೆ ಹೇಳುವಾಗ ದಿವ್ಯಳೂ ನಕ್ಕಳು. ಆದರೆ ಸ್ಕೂಲು ಬಿಟ್ಟ ಮೇಲೆ ನಾಲ್ಕು ಜನರೆದುರು ಅವಳು ಏನನ್ನೂ ಗಟ್ಟಿಯಾಗಿ ಓದಿರಲಿಲ್ಲ.

ಓದುತ್ತಿದ್ದುದು ತಾಯಿಗೆ ಮಾತ್ರ. ಮುನಿವೆಂಕಟಮ್ಮನ ಕಣ್ಣನ್ನು ಸಕ್ಕರೆ ಕಾಯಿಲೆ ಪೂರ್ತಿ ತೆಗೆದುಬಿಟ್ಟಿತ್ತು. ದಿನಾ ಸಂಜೆ ಮನೆಯ ಮುಂದಿನ ಮೆಟ್ಟಿಲ ಮೇಲೆ ತಾಯಿಯನ್ನು ಕೂರಿಸಿಕೊಂಡು ದಿವ್ಯ ಪೇಪರ್ ಓದುತ್ತಿದ್ದಳು. ದಪ್ಪನೆಯ, ಅವಸರವಿಲ್ಲದ ಧ್ವನಿ. ಕೊಲೆ ಸುದ್ದಿಯನ್ನು ಅವಳು ಓದಿದರೆ ಕೊಂದವನ ಮೇಲೆ ಸಿಟ್ಟು ಬರುತ್ತಿತ್ತು. ಟಿವಿಯವರು ಓದಿದಾಗ ನನಗೆ ಟಿವಿಯವರ ಮೇಲೇ ಸಿಟ್ಟು ಬರುತ್ತದೆ. ನಾನು ಸೊಪ್ಪು ಬಿಡಿಸುವ ನೆಪದಲ್ಲಿ ಬಾಗಿಲಲ್ಲಿ ಕೂತು ಕೇಳುತ್ತಿದ್ದೆ.

ಎರಡನೆಯ ಮಹಡಿಯ ಬಾಲ್ಕನಿಯಲ್ಲಿ ನಿಂತು ಇನ್ನೊಬ್ಬ ಕೇಳುತ್ತಿದ್ದ. ಅವನು ವಸಿಷ್ಠ. ವಾರವೆಲ್ಲ ಕಂಪನಿಯ ಕೆಲಸ, ಭಾನುವಾರ ಧರ್ಮದ ಕೆಲಸ. ಕಣ್ಣು ಕಾಣದವರಿಗೆ ಮೊಬೈಲೇ ಕನ್ನಡ ಓದಿ ಹೇಳುವಂಥ ‘ದನಿಪುಟ’ ಎಂಬ ಸಾಫ್ಟ್‌ವೇರನ್ನು ಅವನೂ ಗೆಳೆಯರೂ ಕಟ್ಟುತ್ತಿದ್ದರು. ಅದು ಓಪನ್ ಸೋರ್ಸ್. ಅಂದರೆ ಬಾಗಿಲು ತೆಗೆದಿಟ್ಟ ಅಡುಗೆಮನೆ. ಯಾರು ಬೇಕಾದರೂ ಬಂದು ಸಾರಿನ ರುಚಿ ನೋಡಬಹುದು, ಉಪ್ಪು ಕಡಿಮೆ ಎಂದು ಎಲ್ಲರೆದುರು ಬರೆದುಹಾಕಬಹುದು, ತಾವೇ ಉಪ್ಪು ಹಾಕಿಯೂ ಹೋಗಬಹುದು. ಯಂತ್ರಕ್ಕೆ ಮಾತು ಕಲಿಸಲು ಅವರಿಗೆ ಒಬ್ಬರ ಧ್ವನಿ ಬೇಕಾಗಿತ್ತು.

‘ದಿವ್ಯಕ್ಕ, ನಿಮ್ ವಾಯ್ಸ್ ಕೊಡ್ತೀರಾ?’ ಎಂದು ಅವನು ಮೆಟ್ಟಿಲಲ್ಲೇ ಕೇಳಿದ.

‘ನಂದಾ? ಯಾಕೆ, ಆಡ್ಕೊಂಡು ನಗಕ್ಕಾ?’

‘ಅಯ್ಯೋ ಇಲ್ಲಕ್ಕ. ಸೀರಿಯಸ್ಸಾಗೇ ಕೇಳ್ತಿದೀನಿ. ಸಖತ್ತಾಗಿದೆ ನಿಮ್ ವಾಯ್ಸು.’

ಆ ಬೇಸಿಗೆಯೆಲ್ಲ ಟೆರೇಸಿನ ಶೀಟಿನ ರೂಮಿನಲ್ಲಿ ಗೋಡೆಗೆ ಹಾಸಿಗೆ ಒರಗಿಸಿ, ಸದ್ದಾಗಬಾರದೆಂದು ಫ್ಯಾನು ಆರಿಸಿ, ದಿವ್ಯ ಬೆವರು ಸುರಿಸುತ್ತ ಓದಿದಳು. ಸಣ್ಣ ವಾಕ್ಯ ಬಂದಾಗ ಎಚ್ಚರದಿಂದ ಹಕಾರ ಹಾಕುತ್ತಿದ್ದಳು. ಉದ್ದದ ವಾಕ್ಯ ಬಂದರೆ ಅರ್ಥದ ಹಿಂದೆ ಓಡುತ್ತಿದ್ದಳು, ಹಕಾರ ಹಿಂದೆ ಉಳಿಯುತ್ತಿತ್ತು. ವಸಿಷ್ಠ ಸ್ಕ್ರೀನಿನ ಮೇಲೆ ಏಳುವ ಬೀಳುವ ಗೆರೆಗಳನ್ನು ನೋಡುತ್ತ ಕೂತಿದ್ದ. ಗೆರೆ ಚೆನ್ನಾಗಿತ್ತಂತೆ.

ದನಿಪುಟ ಮೊದಲು ಹೋಗಿ ಕೂತಿದ್ದು ಮುನಿವೆಂಕಟಮ್ಮನ ಮೊಬೈಲಿನಲ್ಲಿ. ಮಗಳು ಹೊರಗೆ ಹೋದಾಗಲೂ ಮಗಳು ಓದುತ್ತಾಳೆ ಎಂದು ಆಕೆ ಗೇಟಿಗೆ ಬಂದವರಿಗೆಲ್ಲ ಕೇಳಿಸಿದರು. ಒಂದು ದಿನ ದಿವ್ಯ ಪೇಟೆಯಿಂದ ಬಂದವಳೇ ಚೀಲವನ್ನೂ ಇಳಿಸದೆ ನನ್ನ ಬಾಗಿಲಿಗೆ ಬಂದಳು. ಬನಶಂಕರಿ ಬಸ್ ಸ್ಟ್ಯಾಂಡಿನಲ್ಲಿ ಕೋಲು ಹಿಡಿದ ಒಬ್ಬಾತ ಮೊಬೈಲನ್ನು ಕಿವಿಗಿಟ್ಟುಕೊಂಡು ನಿಂತಿದ್ದನಂತೆ. ಒಳಗಿಂದ ಮಾತಾಡುತ್ತಿದ್ದವಳು ಇವಳೇ.

‘ನಾನ್ ಅವ್ನ ಪಕ್ಕದಲ್ಲೇ ನಿಂತಿದ್ದೆ ಆಂಟಿ. ಅವ್ನಿಗೆ ಗೊತ್ತೇ ಇಲ್ಲ. ಅಂಗೇ ಕೇಳ್ತಾ ನಿಂತು ಬಸ್ಸೇ ಬಿಟ್ಬಿಟ್ಟೆ’ ಎಂದಳು. ಅವಳ ಮುಖವನ್ನು ಅಷ್ಟು ಬೆಳಕಾಗಿ ನಾನು ಅದಕ್ಕೆ ಮೊದಲು ನೋಡಿರಲಿಲ್ಲ, ಆಮೇಲೂ ನೋಡಲಿಲ್ಲ.

ಉಪ್ಪು ಕಡಿಮೆ ಎಂದು ಬರೆದವರು ಜಯನಗರದ ಅನಂತರಾಮು. ಜೀವಮಾನವೆಲ್ಲ ಪಠ್ಯಪುಸ್ತಕಗಳ ಕರಡು ತಿದ್ದಿ ನಿವೃತ್ತರಾಗಿ, ಆಮೇಲೆ ಕಣ್ಣು ಕಳೆದುಕೊಂಡವರು. ತಿದ್ದುವ ಚಟ ಮಾತ್ರ ಹೋಗಿರಲಿಲ್ಲ. ‘ಯಂತ್ರಕ್ಕೆ ಹಕಾರ ಬಾರದು’ ಎಂದು ದನಿಪುಟದ ಪುಟದಲ್ಲಿ ದೂರು ದಾಖಲಿಸಿದರು, ಹುಡುಗರ ಭಾಷೆಯಲ್ಲಿ ‘ಬಗ್’. ಬೆಳಿಗ್ಗೆ ಪೇಪರ್ ಹಾಕಿಕೊಂಡರೆ ‘ಆಸನದಲ್ಲಿ ಆಲಿನ ಉತ್ಪಾದನೆ ಎಚ್ಚಳ’ ಎನ್ನುತ್ತದೆ, ಇದು ಕನ್ನಡಕ್ಕೆ ಅವಮಾನ, ಕೂಡಲೇ ಸರಿಪಡಿಸತಕ್ಕದ್ದು ಎಂದಿದ್ದರು. ಅದರ ಕೆಳಗೆ ನಗುವ ಮುಖಗಳು ಸಾಲುಗಟ್ಟಿದವು. ‘ಇದು ಬಗ್ ಅಲ್ಲ ಗುರು, ಅಳ್ಳಿ ವರ್ಷನ್ನು’ ಎಂದು ಒಬ್ಬ. ‘ಯಂತ್ರಕ್ಕೆ ಮೊದಲು ರಾಗಿಮುದ್ದೆ ತಿನ್ನಿಸೋದು ಬಿಡಿಸಿ’ ಎಂದು ಇನ್ನೊಬ್ಬ. ಎಲ್ಲರೂ ಓದಿದವರು, ಸಮಾಜಸೇವೆಗೆಂದು ಸೇರಿದವರು.

ದಿವ್ಯ ಅದನ್ನೆಲ್ಲ ಮೆಟ್ಟಿಲ ಮೇಲೆ ಕೂತು ಓದಿದಳು. ಈ ಸಲ ಗಟ್ಟಿಯಾಗಿ ಓದಲಿಲ್ಲ. ಓದಿ ಮುಗಿಸಿ ನೇರ ವಸಿಷ್ಠನ ಮನೆಗೆ ಹತ್ತಿ ಹೋದಳು. ನಾನೂ ಹಿಂದೆಯೇ ಹೋದೆ.

‘ನನ್ ತಪ್ಪು ತಾನೆ? ನಾನೇ ಸರಿ ಮಾಡ್ಕೊಡ್ತೀನಿ. ಕಲ್ತ್ಕೊಂಡು ಎಲ್ಲಾನೂ ತಿರ್ಗಾ ಓದ್ತೀನಿ. ನನ್ ವಾಯ್ಸ್ ಮಾತ್ರ ತೆಗೀಬೇಡ ಕಣಪ್ಪ’ ಎಂದಳು.

ವಸಿಷ್ಠ ಕುರ್ಚಿಯಲ್ಲಿ ಮಿಸುಕಾಡಿದ. ‘ಛೆ, ತೆಗೆಯೋದೇನಕ್ಕ. ನೀವು ಪ್ರಾಕ್ಟೀಸ್ ಮಾಡಿ. ಸರಿ ಹೋದ್ರೆ ಮತ್ತೆ ರೆಕಾರ್ಡ್ ಮಾಡೋಣ’ ಎಂದ. ಒಳ್ಳೆಯ ಹುಡುಗ. ಇಲ್ಲ ಎನ್ನುವ ಮಾತು ಅವನ ಬಾಯಿಂದ ಬರುತ್ತಿರಲಿಲ್ಲ, ಅದಕ್ಕೇ ಅವನು ಅಷ್ಟು ಅಪಾಯದವನು.

ಕಲಿಯುವುದು ಯಾರ ಹತ್ತಿರ? ತಪ್ಪು ಹಿಡಿದವರ ಹತ್ತಿರವೇ ಎಂದು ದಿವ್ಯ ಹಟ ಹಿಡಿದಳು. ವಸಿಷ್ಠನಿಂದ ವಿಳಾಸ ತೆಗೆದುಕೊಂಡು ನನ್ನನ್ನೂ ಎಳೆದುಕೊಂಡು ಜಯನಗರಕ್ಕೆ ಹೋದಳು. ಬಾಗಿಲು ತೆಗೆದವರು ಅನಂತರಾಮು, ಮಡಿಕೆ ಮುರಿಯದ ಬಿಳಿ ಜುಬ್ಬ.

‘ನಮಸ್ಕಾರ ಸಾರ್, ನಾನು ಪುಟ್ಟೇನಳ್ಳಿಯಿಂದ ಬಂದಿದೀನಿ’ ಎಂದಳು ದಿವ್ಯ.

ಅನಂತರಾಮು ಜುಬ್ಬದ ಜೇಬಿಗೆ ಕೈ ಹಾಕಿ ಮೊಬೈಲ್ ತೆಗೆದು ಅದನ್ನು ಸುಮ್ಮನಾಗಿಸಲು ಗುಂಡಿ ಒತ್ತಿದರು. ‘ಇದೊಂದು, ತಾನೇ ಶುರುವಾಗತ್ತೆ. ಬಂದಿರೋರು ಯಾರು, ಮಾತಾಡಿ’ ಎಂದರು.

‘ನಾನೇ ಸಾರ್. ಅದು ನಾನೇ.’

ಅವರು ಮೊಬೈಲನ್ನು ಕಿವಿಗಿಟ್ಟು ನೋಡಿದರು, ಅದು ಸದ್ದು ಮಾಡುತ್ತಿರಲಿಲ್ಲ. ಆಮೇಲೆ ನಕ್ಕು, ‘ಓಹೋ, ಮನುಷ್ಯರಾ! ನಾನು ಯಂತ್ರದ ದೋಷ ಅಂದ್ಕೊಂಡಿದ್ದೆನಮ್ಮ’ ಎಂದು ಒಳಗೆ ಕರೆದರು.

ಅವತ್ತಿನಿಂದ ಪಾಠ ಶುರುವಾಯಿತು. ವಾರಕ್ಕೆರಡು ಸಲ ದಿವ್ಯ ಆಟೋ ಹತ್ತಿ ಹೋಗುತ್ತಿದ್ದಳು. ಅಂಗೈಯನ್ನು ಬಾಯೆದುರು ಹಿಡಿದುಕೊಳ್ಳಬೇಕು, ಹ ಎಂದರೆ ಉಸಿರು ಅಂಗೈಗೆ ತಾಗಬೇಕು. ತಾಗದಿದ್ದರೆ ಅನಂತರಾಮು, ‘ಇಷ್ಟು ವರ್ಷ ಉಸಿರು ಉಳಿಸಿ ಏನು ಮಾಡ್ದೆ? ಬಿಡಮ್ಮ, ದುಡ್ಡೇನೂ ಬೀಳಲ್ಲ’ ಎನ್ನುತ್ತಿದ್ದರು. ತಾಗಿದರೆ, ‘ನೋಡಿದ್ಯಾ, ನಿಮ್ಮೋರಿಗೂ ಬರತ್ತೆ’ ಎನ್ನುತ್ತಿದ್ದರು. ಎರಡರಲ್ಲಿ ಯಾವುದು ಹೆಚ್ಚು ಚುಚ್ಚುತ್ತಿತ್ತು ಎಂದು ನಾನು ದಿವ್ಯಳನ್ನು ಕೇಳಲಿಲ್ಲ. ಅವಳು ಜೋರಾಗಿ ಹೇಳತೊಡಗಿದರೆ ಅವರು ಕೈಯೆತ್ತುತ್ತಿದ್ದರು. ‘ಮೆಲ್ಲಗೆ. ರೂಮಲ್ಲಿ ಮೊಮ್ಮಗಳು ಸಮನ್ವಿತಾ ಏನೋ ಓದ್ಕೋತಿದಾಳೆ, ಡಿಸ್ಟರ್ಬ್ ಆಗತ್ತೆ.’ ದಿವ್ಯ ಧ್ವನಿ ತಗ್ಗಿಸುತ್ತಿದ್ದಳು.

ಮನೆಯಲ್ಲಿ ಅವಳ ಮಾತು ಮೂರಾಬಟ್ಟೆಯಾಯಿತು. ಬೇಕಾದ ಕಡೆ ಬರದ ಹಕಾರ ಬೇಡದ ಕಡೆಯೆಲ್ಲ ಬಂತು. ‘ಹಡುಗೆ ಆಯ್ತು’ ಎಂದಳು, ‘ಹಾಟೋ ಸಿಗಲಿಲ್ಲ’ ಎಂದಳು. ಮೇಲಿನ ಮಹಡಿಯವರಿಗೆ ಹೊಸ ಹಬ್ಬ. ಕೆಂಪರಾಜು ಊಟದ ತಟ್ಟೆ ಮುಂದೆ ಕೂತು ನಕ್ಕುಬಿಟ್ಟರು. ಮುನಿವೆಂಕಟಮ್ಮ ನಗಲಿಲ್ಲ.

‘ಯಾರ್ ಮಾತವ್ವ ಅದು?’ ಎಂದರು. ‘ಅದ್ನ ಜಯನಗರದಾಗೇ ಬುಟ್ಟು ಬಾ. ನನ್ ತಾವ ನೆಟ್ಟಗೆ ಮಾತಾಡು.’

‘ಇದೇ ನೆಟ್ಟಗಿರೋದಮ್ಮ’ ಎಂದಳು ದಿವ್ಯ.

‘ಅಂಗಾದ್ರೆ ನಾವೆಲ್ಲ ಸೊಟ್ಟ’ ಎಂದು ಆಕೆ ಮುಖ ತಿರುಗಿಸಿದರು. ಅಲ್ಲಿಂದ ಮುಂದೆ ಸಂಜೆ ಪೇಪರ್ ಓದಲು ಮಗಳನ್ನು ಕರೆಯಲಿಲ್ಲ. ಮೊಬೈಲ್ ಹಾಕಿಕೊಂಡು ಕೂರುತ್ತಿದ್ದರು.

ದಿವ್ಯ ಬಿಡಲಿಲ್ಲ. ಮೋಟರು ಹಾಕುವಾಗ, ಬಟ್ಟೆ ಒಣಹಾಕುವಾಗ, ಅಂಗೈಯನ್ನು ಬಾಯಿಗೆ ಹಿಡಿದುಕೊಂಡು ಹಲ್ಲು, ಹುಲ್ಲು, ಹೊಳೆ, ಹೂಳು ಎನ್ನುತ್ತಿದ್ದಳು. ಮಳೆಗಾಲ ಕಳೆದು ಚಳಿ ಶುರುವಾಗುವ ಹೊತ್ತಿಗೆ ಹಕಾರ ಬಂತು. ಬೇಡದ ಕಡೆಯಿಂದ ಹೋಯಿತು, ಬೇಕಾದ ಕಡೆ ನಿಂತಿತು. ನಿದ್ದೆಗಣ್ಣಲ್ಲಿ ಎಬ್ಬಿಸಿದರೂ ‘ಹೌದು’ ಎನ್ನುತ್ತಿದ್ದಳು, ಮೊದಲಿನ ‘ಔದು’ ಎಲ್ಲೋ ಹೋಗಿತ್ತು. ಅನಂತರಾಮು ಅವಳಿಂದ ಒಂದು ಇಡೀ ಪುಟ ಓದಿಸಿ, ಒಂದು ತಪ್ಪೂ ಇಲ್ಲ ಎಂದರಂತೆ. ಅವಳು ಜಯನಗರದಿಂದ ಸ್ವೀಟು ತಂದು ಬಿಲ್ಡಿಂಗಿಗೆಲ್ಲ ಹಂಚಿ, ಶೀಟಿನ ರೂಮನ್ನು ತಾನೇ ಗುಡಿಸಿ, ಹಾಸಿಗೆಗಳನ್ನು ಗೋಡೆಗೆ ಒರಗಿಸಿ, ವಸಿಷ್ಠನನ್ನು ಕರೆದಳು.

‘ಬಾಪ್ಪ, ಶುರು ಮಾಡೋಣ. ಈಗ ಹೇಗಿದೆ ನೋಡು’ ಎಂದಳು.

ವಸಿಷ್ಠ ಬಾಗಿಲಲ್ಲೇ ನಿಂತ. ‘ಅಕ್ಕ, ಸಾರಿ. ನಾನೇ ಹೇಳಬೇಕಿತ್ತು. ಆ ಬಗ್ ಕ್ಲೋಸ್ ಆಯ್ತು.’

‘ಹಾಗಂದ್ರೆ?’

‘ಫಿಕ್ಸ್ ಆಗೋಯ್ತು. ಹೊಸ ವಾಯ್ಸ್ ಹಾಕಿದ್ವಿ. ಅನಂತರಾಮು ಅಂಕಲ್ಲೇ ಅವರ ಮೊಮ್ಮಗಳ ಹತ್ರ ರೆಕಾರ್ಡ್ ಮಾಡಿಸಿ ಕಳಿಸಿದ್ರು. ಹೋದ ವಾರ ಅಪ್‌ಡೇಟ್ ಬಿಟ್ವಿ.’

ದಿವ್ಯ ಪೊರಕೆ ಹಿಡಿದುಕೊಂಡೇ ಇದ್ದಳು. ‘ಆ ಹುಡುಗಿ ರೂಮಲ್ಲಿ ಓದ್ಕೊಳ್ತಿದ್ದಿದ್ದು ಅದೇನಾ?’ ಎಂದು ಕೇಳಿದಳು. ಇವನಿಗೆ ಅದೆಲ್ಲ ಎಲ್ಲಿ ಗೊತ್ತು. ತನ್ನ ಮೊಬೈಲ್ ತೆಗೆದು ಹೊಸ ಧ್ವನಿ ಕೇಳಿಸಿದ. ಸಣ್ಣ, ತೊಳೆದಿಟ್ಟ ಧ್ವನಿ. ಕೊಲೆ ಸುದ್ದಿಯನ್ನೂ ಹವಾಮಾನವನ್ನೂ ಒಂದೇ ಸಮನೆ ಓದಿತು. ಹಕಾರ ಎಲ್ಲೂ ತಪ್ಪಲಿಲ್ಲ. ದೂರಿನ ಪುಟದಲ್ಲಿ ಅನಂತರಾಮು ಅವರಿಗೂ ಸಮನ್ವಿತಾಳಿಗೂ ಧನ್ಯವಾದ ಹೇಳಿದ್ದರು. ದಿವ್ಯಳ ಬಗ್ಗೆ ಇದ್ದದ್ದು ಒಂದು ಸಾಲು: ದೋಷವಿದ್ದ ಹಳೆಯ ಧ್ವನಿಯನ್ನು ತೆಗೆದುಹಾಕಲಾಗಿದೆ.

ನನಗೆ ತಡೆಯಲಾಗಲಿಲ್ಲ. ಅನಂತರಾಮು ಅವರಿಗೆ ಫೋನ್ ಮಾಡಿದೆ. ಮೊಮ್ಮಗಳನ್ನು ಒಳಗೆ ಕೂರಿಸಿ ಓದಿಸುತ್ತ, ಇವಳನ್ನು ಹೊರಗೆ ಕೂರಿಸಿ ಉಸಿರು ಬಿಡಿಸುತ್ತಿದ್ದಿರಲ್ಲ, ಒಂದು ಮಾತು ಹೇಳಬಾರದಿತ್ತೇ ಎಂದೆ.

‘ಹೇಳಿದ್ರೆ ಆಕೆ ಕಲೀತಿರ್ಲಿಲ್ಲವಲ್ಲಮ್ಮ’ ಎಂದರು ಸಮಾಧಾನವಾಗಿ. ‘ಈಗ ಆ ಹುಡುಗಿಗೆ ಶುದ್ಧ ಕನ್ನಡ ಬಂತು. ಅದು ಅವಳಿಗೇ ತಾನೆ ಲಾಭ?’

ನಾನು ಅವರಿಗೆ ಅಂದ ಮಾತು ಹಕಾರದಿಂದಲೇ ಶುರುವಾಗುವಂಥದ್ದು, ಇಲ್ಲಿ ಬರೆಯುವುದಿಲ್ಲ. ಉಚ್ಚಾರಣೆಯಲ್ಲಿ ಅವರಿಗೆ ತಪ್ಪು ಸಿಕ್ಕಿರಲಾರದು.

ಅವತ್ತು ಸಂಜೆ ಮುನಿವೆಂಕಟಮ್ಮ ಎಂದಿನಂತೆ ಮೆಟ್ಟಿಲ ಮೇಲೆ ಕೂತಿದ್ದರು. ಆಕೆಯ ಮೊಬೈಲಿಗೆ ಯಾರೂ ಅಪ್‌ಡೇಟ್ ಹಾಕಿರಲಿಲ್ಲ. ಹಳೆಯ ದಿವ್ಯ ಮಡಿಲಲ್ಲಿ ಓದುತ್ತಿದ್ದಳು, ಯಾವುದೋ ಅಳ್ಳಿಯಲ್ಲಿ ಆವು ಕಚ್ಚಿದ ಸುದ್ದಿ. ಆಕೆ ತಲೆದೂಗುತ್ತ ಕೇಳುತ್ತಿದ್ದರು. ದಿವ್ಯ ಟೆರೇಸಿನಿಂದ ಇಳಿದು ಬಂದು ತಾಯಿಯ ಪಕ್ಕ ಕೂತಳು. ಅತ್ತಿದ್ದಳು, ಕಣ್ಣು ಕೆಂಪಗಿದ್ದವು. ಅದು ತಾಯಿಗೆ ಕಾಣುವಂತಿರಲಿಲ್ಲ.

‘ಅಮ್ಮ, ಹೊರಗೆ ಚಳಿ. ಒಳಗೆ ಹೋಗೋಣ ಬಾ’ ಎಂದಳು.

ಮುನಿವೆಂಕಟಮ್ಮ ಅವಳತ್ತ ಕೈ ಅಡ್ಡ ಹಿಡಿದರು. ‘ತಡ್ಕಳವ್ವ. ನನ್ ಮಗ್ಳು ಓದ್ತಾವ್ಳೆ.’

ಮಗಳ ಹೆಜ್ಜೆಯ ಸಪ್ಪಳ ಆಕೆಗೆ ಗೊತ್ತಿಲ್ಲದ್ದೇನಲ್ಲ. ಗೊತ್ತಿದ್ದೇ ಅಂದದ್ದು. ನನ್ನ ಕೈಯಲ್ಲಿದ್ದ ಸೊಪ್ಪು ಹಾಗೇ ನಿಂತಿತು.

ದಿವ್ಯ ಗಂಟಲು ಸರಿಮಾಡಿಕೊಂಡಳು. ಹುಟ್ಟಿದಾಗಿನಿಂದ ಆಡಿದ ಮಾತನ್ನು ಹುಡುಕಿ, ಎಳೆದು, ಬಾಯಿಗೆ ತಂದುಕೊಂಡಳು. ‘ಅಮ್ಮ, ಒಳೀಕೆ ಓಗಾನ ಬಾ’ ಎಂದಳು.

ಮಾತು ಸರಿಯಾಗಿಯೇ ಇತ್ತು, ಒಂದಕ್ಷರ ಆಚೀಚೆ ಇರಲಿಲ್ಲ. ಆದರೆ ಕೇಳಿಸಿದ್ದು ಮೇಲಿನ ಮಹಡಿಯವರು ಬಾಗಿಲು ಹಾಕಿಕೊಂಡು ಅಣಕಿಸುತ್ತಿದ್ದ ಹಾಗೆ, ಥೇಟ್ ಹಾಗೇ. ನನಗೇ ಹಾಗೆ ಕೇಳಿಸಿತು.

ಮುನಿವೆಂಕಟಮ್ಮ ಮೊಬೈಲನ್ನು ಎದೆಗೆ ಹತ್ತಿರ ಹಿಡಿದುಕೊಂಡರು.

‘ಓ,’ ಎಂದರು. ‘ಈಗ ನೀನೂ ಆಡ್ಕೊಳ್ಳಕ್ಕೆ ಕಲ್ತ್ಕೊಂಡ್ಯಾ?’