ನಡುಗಡ್ಡೆಗೆ ಹೋಗುವ ಮುದ್ದೆ

ಪಾಲಹಳ್ಳಿ ಹತ್ತಿರ, ಕಾವೇರಿಯಲ್ಲಿ, ಹರಿಗೋಲಿನೊಳಗೆ ಕುಳಿತು ಸಿಟ್ಟಿನಲ್ಲೇ ಟೈಪ್ ಮಾಡುತ್ತಿದ್ದೇನೆ. ನಡುಗಡ್ಡೆಯಲ್ಲಿ ಕರೆಂಟಿಲ್ಲದೆ, ಯಾರ ಹಂಗೂ ಇಲ್ಲದೆ ಒಬ್ಬರೇ ಬದುಕುವ ವ್ಯಕ್ತಿಯೊಬ್ಬರ ವಿಡಿಯೊಗಳನ್ನು ಎರಡು ವರ್ಷ ನೋಡಿ, ಅವರ ಜೊತೆ ನೆಲೆಸಲೆಂದು ಸೋಲಾರ್ ಪ್ಲೇಟು, ಬೀಜದ ಚೀಲ ಹೊತ್ತು ಬಂದೆ. ಹರಿಗೋಲಿಗೆ ಹುಟ್ಟು ಹಾಕಿದ್ದು ಜಯಕ್ಕ. ಅವರ ಕಾಲ ಬಳಿ ಬಟ್ಟೆ ಮುಚ್ಚಿದ ಬುಟ್ಟಿಯಿತ್ತು.

“ಏನಕ್ಕಾ ಇದು?”

“ನಡುಗಡ್ಡೆ ಸಾರ್‌ಗೆ ಮುದ್ದೆ, ಉಪ್ಸಾರು ಕಣಪ್ಪ. ದಿನಾ ತಂದ್ಕೊಡ್ತೀನಿ.”

ನಡುಗಡ್ಡೆಯ ದಡ ಮುಟ್ಟುವ ಮೊದಲೇ ಆ ವಿಡಿಯೊದ ಮನುಷ್ಯ ಕೂಗಿದ: “ಜಯಕ್ಕ, ಜೊಂಡಿನ ಹಿಂದೆ ಹೋಗಿ! ಕ್ಯಾಮೆರಾ ಆನಾಗಿದೆ!”

ಹೋದೆವು. ಮರೆಯಲ್ಲಿ ಸೊಳ್ಳೆ ಕಚ್ಚಿಸಿಕೊಳ್ಳುತ್ತಾ ಅವನ ಮಾತು ಕೇಳಿಸಿಕೊಂಡೆವು: “ಗೆಳೆಯರೇ, ಇಲ್ಲಿ ನನಗೆ ಯಾರ ಸಹಾಯವೂ ಬೇಕಾಗಿಲ್ಲ.”

ನನಗೆ ಮೈಯೆಲ್ಲ ಉರಿಯಿತು. “ಸುಮ್ನೆ ಹೆಂಗಿದ್ದೀರಕ್ಕಾ?”

“ಡ್ಯಾಮಲ್ಲಿ ನೀರು ಬುಟ್ರೆ, ‘ಜಯಕ್ಕಾ, ಬಂದು ಕರ್ಕೊಂಡೋಗಿ’ ಅಂತ ಅರಚ್ಕೋತಾನೆ. ಆಗ ಕ್ಯಾಮ್ರ ಇರಕಿಲ್ಲ, ಬುಡು.”

“ನಾನು ಇಲ್ಲಿ ಇಳಿಯಲ್ಲ. ವಾಪಸ್ ಹೋಗೋಣ.”

“ತಡ್ಯಪ್ಪ, ಹಸ್ಕಂಡಿರ್ತಾನೆ,” ಎಂದು ಮೊಣಕಾಲುದ್ದ ನೀರಿಗಿಳಿದು, ಬುಟ್ಟಿ ತಲೆಯ ಮೇಲಿಟ್ಟುಕೊಂಡು ಹೊರಟೇಬಿಟ್ಟರು.

ಅವರು ಬರುವವರೆಗೆ ನಾನು ಕಾಯಲೇಬೇಕು. ಹುಟ್ಟು ಇಲ್ಲೇ ಇದೆ, ಹಾಕಲು ನನಗೆ ಬರುವುದಿಲ್ಲ.