ಏರು ಹತ್ತಿದ ಎಂಜಿನ್

‘ಹಿಡಿಕೆಗಳೆಲ್ಲ ಮುಚ್ಚಿಯೇ ಇದ್ದವು’ ಎಂದು ಅಂದು ನಾನು ಹೇಳಿದ್ದು ಸುಳ್ಳು. ಆವಿ ಬಿಡುವ ಹಿಡಿಕೆ ತೆರೆದಿತ್ತು. ತೆರೆದವನು ನಾನು. ಓಡಿಹೋಗಿ ಮುಚ್ಚಿದವನೂ ನಾನೇ — ಓಡಿ ಹತ್ತಿದ ಧೈರ್ಯಕ್ಕೆ ಜನ ಹೊಗಳಿದರು, ನಾನು ಹೊಗಳಿಸಿಕೊಂಡೆ.

ಹುಳಿಮಾವು ದಾಟಿದ ಮೇಲೆ ಹಳೆಯ ಮಾವಿನ ತೋಪಿನಲ್ಲಿ ಒಂದು ಬಯಲು ಸಂಗ್ರಹಾಲಯವಿದೆ. ಆ ಊರಿನ ಹಳೆಯ ಮನೆತನದವರು ತಮ್ಮ ಜಮೀನಿನಲ್ಲೇ ಮಾಡಿದ್ದು. ಅಲ್ಲಿ ಹಿಂದೊಮ್ಮೆ ಕಬ್ಬಿನ ಗಾಡಿ ಎಳೆಯುತ್ತಿದ್ದ ಪುಟ್ಟ ಉಗಿ ಎಂಜಿನ್ ಇದೆ. ಭಾನುವಾರ ಅದಕ್ಕೆ ಬೆಂಕಿ ಹಾಕಿ, ಒಂದೇ ಬೋಗಿಯಲ್ಲಿ ಜನರನ್ನು ಕೂರಿಸಿ ತೋಪು ಸುತ್ತಿಸುತ್ತಾರೆ. ಜಯನಗರದ ಕಾಲೇಜೊಂದರಲ್ಲಿ ಭೌತಶಾಸ್ತ್ರದ ಪಾಠ ಹೇಳಿ ನಿವೃತ್ತನಾದ ನಾನು ಬಂದವರಿಗೆ ಎಂಜಿನ್ನಿನ ವಿವರ ಹೇಳುತ್ತಿದ್ದೆ. ಓಡಿಸುತ್ತಿದ್ದವರು ಯಡಿಯೂರಿನ ರುದ್ರಣ್ಣ. ಅವರ ಮಗಳು ಮಂಜುಳಾ ಒಲೆಗೆ ಕಲ್ಲಿದ್ದಲು ಹಾಕುತ್ತ ಓಡಿಸುವುದನ್ನು ಕಲಿಯುತ್ತಿದ್ದಳು. ಮುಂದೆ ಇದನ್ನು ಇವಳೇ ನೋಡಿಕೊಳ್ಳಲಿ ಎಂಬುದು ರುದ್ರಣ್ಣನವರ ಆಸೆ.

ಇನ್ನೊಂದು ಸುಳ್ಳನ್ನೂ ಇಲ್ಲೇ ಹೇಳಿಬಿಡಬೇಕು. ಬಂದವರ ಮುಖ ಸಪ್ಪಗಾದಾಗ ನಾನೊಂದು ಕಥೆ ಕಟ್ಟುತ್ತಿದ್ದೆ — ಈ ಎಂಜಿನ್ ಮೇಲೆ ಬೆಂಕಿ ನೋಡಿಕೊಳ್ಳುತ್ತಿದ್ದವನೊಬ್ಬ ಬೆಂದು ಸತ್ತ, ಅವನಿನ್ನೂ ಇಳಿದಿಲ್ಲ ಎಂದು. ಅಂಥವನು ಯಾರೂ ಇರಲಿಲ್ಲ. ಕೇಳಿದವರು ಮೈ ಜುಮ್ಮೆನಿಸಿಕೊಂಡು ನಗುತ್ತಿದ್ದರು. ರುದ್ರಣ್ಣ ನಗುತ್ತಿರಲಿಲ್ಲ.

ಅಂದು ಮಧ್ಯಾಹ್ನ ನನ್ನ ಇಬ್ಬರು ಹಳೆಯ ವಿದ್ಯಾರ್ಥಿಗಳು ಸಂಸಾರ ಸಮೇತ ಬಂದಿದ್ದರು. ಎಂಜಿನ್ನನ್ನು ಬೋಗಿಯಿಂದ ಕಳಚಿ ಇಳಿಜಾರಿನಲ್ಲಿ ನಿಲ್ಲಿಸಿದ್ದರು. ಮುಂದಕ್ಕೆ ಜಾರದಿರಲೆಂದು ಚಕ್ರದ ಮುಂದೆ ಮರದ ತುಂಡು. ಬೋಗಿ ಎಂಜಿನ್ನಿನ ಹಿಂದೆ, ಏರಿನ ಕಡೆಗಿತ್ತು. ರುದ್ರಣ್ಣ ಕಾಫಿಗೆ ಹೋಗಿದ್ದರು. ತಾವಿಲ್ಲದಾಗ ಯಾರೂ ಹತ್ತಬಾರದೆಂದು ಅವರ ಕಟ್ಟಪ್ಪಣೆ. ನಾನು ಹತ್ತಿದೆ. ಜೀವಮಾನವೆಲ್ಲ ಆವಿಯ ಬಲದ ಪಾಠ ಹೇಳಿದವನು, ಆ ಕಬ್ಬಿಣವನ್ನು ಒಮ್ಮೆಯೂ ಮುಟ್ಟಿರಲಿಲ್ಲ. ಕೆಳಗೆ ನಿಂತವರು ಕತ್ತೆತ್ತಿ ನೋಡುತ್ತಿದ್ದರು — ಅಷ್ಟು ಸಾಕಾಯಿತು. ದಿಕ್ಕು ಬದಲಿಸುವ ಸನ್ನೆಕೋಲನ್ನು ಹಿಂದಕ್ಕೆಳೆದೆ. ಆವಿಯ ಹಿಡಿಕೆ ತುಸು ತೆರೆದೆ. ಏನೂ ಆಗಲಿಲ್ಲ. ನಾಚಿಕೆಯಾಗಿ ಹಿಡಿಕೆಯನ್ನು ತಳ್ಳಿದೆ. ಪೂರ್ತಿ ಮುಚ್ಚಿತೋ ಇಲ್ಲವೋ ನೋಡಲಿಲ್ಲ. ಸನ್ನೆಕೋಲನ್ನಂತೂ ಮರೆತೇಬಿಟ್ಟೆ.

ಅವರನ್ನು ಕಾರು ಹತ್ತಿಸಿ ಬರುವಷ್ಟರಲ್ಲಿ ರುದ್ರಣ್ಣ ಎಂಜಿನ್ನಿಗೂ ಬೋಗಿಗೂ ನಡುವೆ ಬಗ್ಗಿ ಸರಪಳಿ ಹಾಕುತ್ತಿದ್ದರು. ಮಂಜುಳಾ ಕಲ್ಲಿದ್ದಲು ತುಂಬಿ ಇಳಿದಿದ್ದಳು; ಒಲೆ ಜೋರಾಗಿ ಆವಿಯ ಒತ್ತಡ ಏರಿತ್ತು. ಎಂಜಿನ್ ಯಾರೋ ನಿಟ್ಟುಸಿರು ಬಿಟ್ಟಂತೆ ಒಂದು ಸದ್ದು ಮಾಡಿ ಹೊರಟಿತು — ಹಿಂದಕ್ಕೆ, ಏರಿನ ಕಡೆಗೆ. ಅದರ ಮೇಲೆ ಯಾರೂ ಇರಲಿಲ್ಲ. ಸಾಲಿನಲ್ಲಿ ನಿಂತಿದ್ದ ಅಷ್ಟೂ ಜನ ಆ ಖಾಲಿ ಜಾಗವನ್ನು ನೋಡಿದರು. ರುದ್ರಣ್ಣ ಕೂಗಲಿಲ್ಲ. ತಮ್ಮ ಬಲಗೈ ಸಿಕ್ಕಿಕೊಂಡದ್ದನ್ನು ನೋಡುತ್ತ ನಿಂತರು.

ನಾನು ಹಾರಿ ಹತ್ತಿ ಹಿಡಿಕೆ ಮುಚ್ಚಿದೆ, ಸನ್ನೆಕೋಲನ್ನು ನಡುವಿಗೆ ತಂದೆ. ತೋಪಿನ ಮಾಲೀಕರು ಬಂದು ಏನಾಗಿತ್ತೆಂದು ಕೇಳಿದಾಗ, ಹಿಡಿಕೆಗಳೆಲ್ಲ ಮುಚ್ಚಿಯೇ ಇದ್ದವು ಎಂಬ ಆ ಮಾತು ಬಾಯಿಂದ ಬಂತು. ಹಾಗಾದರೆ ಓಡಿಸಿದ್ದು ಯಾರು — ಎಂದು ಯಾರೋ ಕೇಳಿದರು. ನನ್ನ ಕಥೆ ಅವರೆಲ್ಲರಿಗೂ ಗೊತ್ತಿತ್ತು.

ಆ ಕೈ ಮತ್ತೆ ಏನನ್ನೂ ಹಿಡಿಯಲಿಲ್ಲ. ರುದ್ರಣ್ಣ ಕೆಲಸ ಬಿಟ್ಟರು. ಎಂಜಿನ್ ಮೇಲಿದ್ದವನು ಮನೆಗೂ ಬರುತ್ತಾನೆ, ಬಾಗಿಲಲ್ಲಿ ನಿಲ್ಲುತ್ತಾನೆ ಎನ್ನತೊಡಗಿದರಂತೆ. ಆ ಕಡೆ ತಲೆ ಹಾಕುವುದಿಲ್ಲವೆಂದು ಮಗಳಿಂದ ಆಣೆ ಮಾಡಿಸಿಕೊಂಡರು. ಅವಳೀಗ ಬಿಟಿಎಂ ಲೇಔಟಿನ ಅಂಗಡಿಯೊಂದರಲ್ಲಿ ಬಿಲ್ ಹಾಕುತ್ತಾಳೆ. ಇತ್ತ ತೋಪಿಗೆ ಬರುವವರು ಹೆಚ್ಚಿದರು, ದೆವ್ವದ ಎಂಜಿನ್ ನೋಡಲು. ನಾನು ವರ್ಷಗಟ್ಟಲೆ ಅಲ್ಲಿಯೇ ನಿಂತು ಬಾಯ್ಲರಿನ ಒತ್ತಡದ ಬಗ್ಗೆ ಮಾತಾಡಿದೆ.

ಈ ವರ್ಷ, ತಡೆಯಲಾರದೆ, ಯಡಿಯೂರಿಗೆ ಹೋದೆ. ಮಂಜುಳಾ ಬಾಗಿಲು ತೆಗೆದಳು. ಅಪ್ಪ-ಮಗಳ ಎದುರು ಎಲ್ಲವನ್ನೂ ಹೇಳಿದೆ, ಕಟ್ಟಿದ ಕಥೆಯನ್ನೂ.

ರುದ್ರಣ್ಣ ಶಾಂತವಾಗಿ ಕೇಳಿದರು. ಆಮೇಲೆ ಅಂದರು, “ನೀವು ಹತ್ತಿದ್ದು ನೋಡಿದ್ದೆ ಮೇಷ್ಟ್ರೇ. ಕಾಫಿ ಕುಡೀತಾ ಅಲ್ಲೇ ನಿಂತಿದ್ದೆ. ಮೇಷ್ಟ್ರಲ್ವಾ, ಏನೂ ಮುಟ್ಟಲ್ಲ ಅಂದ್ಕೊಂಡೆ.”

ಇಷ್ಟು ವರ್ಷ ಯಾಕೆ ಹೇಳಲಿಲ್ಲವೆಂದು ಕೇಳಿದೆ.

“ನಿಮ್ಮ ಬೆನ್ನ ಹಿಂದೆ ಇನ್ನೊಬ್ಬ ನಿಂತಿದ್ದ. ಹಿಡಿಕೆ ಮೇಲಿದ್ದದ್ದು ಅವನ ಕೈ. ನೀವು ಇಳಿದ್ರಿ, ಅವನು ಇಳೀಲಿಲ್ಲ. ಸುಮ್ನೆ ನಿಮ್ಮ ಮೇಲೆ ಯಾಕೆ ಹೇಳ್ಲಿ?”

ಒಂದು ಕ್ಷಣ — ಇದನ್ನು ಬರೆಯಲು ನಾಚಿಕೆಯಾಗುತ್ತದೆ — ಆ ಮಾತನ್ನು ನಂಬಿಬಿಡೋಣ ಎನಿಸಿತು. ನಂಬಿದ್ದರೆ ನಾನು ನಿರಪರಾಧಿ. ಇಲ್ಲ ರುದ್ರಣ್ಣ, ಅದು ನನ್ನದೇ ಕೈ, ಎಂದೆ. ಅವರು ಮಗುವಿನ ಹಟಕ್ಕೆ ನಗುವಂತೆ ನಕ್ಕರು.

ಮಂಜುಳಾ ಮಾತ್ರ ನನ್ನನ್ನೇ ನೋಡುತ್ತಿದ್ದಳು. “ಅಪ್ಪಂಗೆ ತಲೆ ಕೆಟ್ಟಿದೆ ಅಂತ ಎಲ್ಲ ಅಂದ್ರಲ್ಲ, ಆಗ ನೀವೆಲ್ಲಿದ್ರಿ ಸಾರ್?”

ಅಲ್ಲೇ ಇದ್ದೆ, ಎಂದೆ.

ಮಾಲೀಕರಿಗೆ ಹೇಳಿದ್ದೇನೆ. ಭಾನುವಾರ ಜನರ ಮುಂದೆಯೂ ಹೇಳಿದೆ. ಅವರು ಅದನ್ನೂ ಆಟದ ಭಾಗವೆಂದುಕೊಂಡು ಚಪ್ಪಾಳೆ ತಟ್ಟಿದರು. ಮತ್ತೆ ಹೇಳುತ್ತೇನೆ. ಮಂಜುಳಾಳಿಗೆ ಮಾಲೀಕರು ಕರೆ ಕಳಿಸಿದರು. ಅಪ್ಪನಿಗೆ ಮಾಡಿದ ಆಣೆ ಮುರಿಯಲಾರೆ ಎಂದಳಂತೆ.

ಮೊನ್ನೆ ಸಂಜೆ ಮತ್ತೆ ಅವರ ಮನೆಗೆ ಹೋಗಿದ್ದೆ, ಒಬ್ಬನೇ. ರುದ್ರಣ್ಣ ನನ್ನನ್ನು ನೋಡಿದರು, ಆಮೇಲೆ ನನ್ನ ಹೆಗಲಾಚೆ ನೋಡಿದರು. ಒಳಗೆ ಹೋಗಿ, ಎಡಗೈಯಿಂದ ಒಂದೊಂದಾಗಿ ಎಳೆದು ತಂದು, ಎರಡು ಕುರ್ಚಿ ಹಾಕಿದರು. ನಾನು ಒಂದರಲ್ಲಿ ಕೂತೆ. ಇನ್ನೊಂದನ್ನು ತೆಗೆಯಿರಿ ಎಂದು ಹೇಳುವ ಬಾಯಿ ನನಗಿರಲಿಲ್ಲ.